ಮಂಗಳವಾರಕ್ಕೆ ಎಳೆದ ಕೆಂಪು ಬಾಣ

ಗ್ರಂಥಾಲಯದ ಹಿಂದಿನ ಕ್ಲಿನಿಕ್ ಕೋಣೆ,
ಒಂಬತ್ತನೇ ತಾರೀಖು, ಬುಧವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಈ ಒಂದು ಪ್ರಶ್ನೆ ಬರೆಯಲು ಒಂಬತ್ತು ವರ್ಷ ತೆಗೆದುಕೊಂಡವನು ಬೇಗ ಉತ್ತರ ಬರೆ ಎಂದು ಅವಸರ ಮಾಡುವುದು ನ್ಯಾಯವಲ್ಲ, ಆದರೂ ಮಾಡುತ್ತಿದ್ದೇನೆ. ಬೈಂಡಿಂಗ್ ಅಂಗಡಿಯ ಅಂಟಿನ ವಾಸನೆಗೆ ನಿನಗೆ ತಲೆನೋವು ಬರುತ್ತದೆ ಎಂದು ಅಮ್ಮ ಹೇಳಿದಳು, ಈಗ ಹೇಗಿದೆ? ಹೆಬ್ಬೆರಳಿಗೆ ದಪ್ಪ ಸೂಜಿ ಚುಚ್ಚಿ ಬಾವು ಬಂದಿತ್ತಂತೆ, ವಾಸಿಯಾಯಿತೇ? ಪುಟ್ಟಿ ಹೇಗಿದ್ದಾಳೆ? ಅವಳ ಫೋಟೊ ನೋಡಿದ್ದೇನೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಅಮ್ಮ ಹೆಣೆದು ಕಳಿಸಿದ ಹಸಿರು ಸ್ವೆಟರಿನ ತೋಳು ಬೆರಳು ದಾಟಿ ಕೆಳಗೆ ಇಳಿದಿದೆ. ಆ ಫೋಟೊ ಮತ್ತು ನಿನ್ನ ವಿಳಾಸ ಎರಡೂ ಅಮ್ಮನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಇವೆ. ಅಪ್ಪನಿಗೆ ಅದು ಗೊತ್ತು. ಗೊತ್ತಿಲ್ಲದವರ ಹಾಗೆ ಇರಬೇಕು ಎಂದು ಅಂಗಿಯ ಗುಂಡಿ ಕಿತ್ತುಹೋದರೂ ಡ್ರಾಯರಿಗೆ ಕೈ ಹಾಕುವುದಿಲ್ಲ, ಅಂಗಿಯನ್ನು ಹಿಡಿದುಕೊಂಡು ಅಮ್ಮ ಬರುವ ತನಕ ಬರಿಮೈಯಲ್ಲಿ ಕೂತಿರುತ್ತಾರೆ. ಅವರ ಮೊಣಕಾಲು ನೋವು ಹಾಗೇ ಇದೆ, ಹಟವೂ ಹಾಗೇ ಇದೆ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಚೆನ್ನಾಗಿದ್ದೇನೆ ಎಂದು ಹೇಳುತ್ತಾಳೆ.

ನಾನು ಆರೋಗ್ಯವಾಗಿದ್ದೇನೆ. ಆ ಮಧ್ಯಾಹ್ನ ನಮ್ಮ ಮನೆಯ ಬಾಗಿಲು ಮುಚ್ಚಿಕೊಂಡಾಗ ನನಗೆ ಹದಿನೈದು. ಈಗ ಇಪ್ಪತ್ತನಾಲ್ಕು, ಕಾನೂನು ಕಾಲೇಜಿನ ಕೊನೆಯ ವರ್ಷ. ನೀನು ನಗುತ್ತೀಯ, ಗೊತ್ತು. ಹಾವು ಏಣಿ ಆಟದ ಡಬ್ಬದ ಮುಚ್ಚಳದಲ್ಲಿ ಅಚ್ಚು ಹಾಕಿದ್ದ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡು, ನಿನ್ನ ದಾಳ ಮೇಜಿನಿಂದ ಕೆಳಗೆ ಬಿದ್ದಾಗಲೆಲ್ಲ ಲೆಕ್ಕಕ್ಕಿಲ್ಲ ಎಂದು ತೀರ್ಪು ಕೊಡುತ್ತಿದ್ದವನು ನಾನು. "ಬಂದ್ರಪ್ಪ ಜಡ್ಜ್ ಸಾಹೇಬ್ರು" ಎಂದು ನೀನು ಮೂಗು ಮುರಿಯುತ್ತಿದ್ದೆ, ಆದರೂ ದಾಳವನ್ನು ಮತ್ತೆ ಹಾಕುತ್ತಿದ್ದೆ. ನಿಯಮ ಎಂದರೆ ನನಗೆ ಅಷ್ಟು ಧೈರ್ಯ. ಬರೆದಿಟ್ಟದ್ದನ್ನು ಬರೆದ ಹಾಗೆ ಮಾಡಿದರೆ ಯಾರೂ ನನ್ನನ್ನು ಬೈಯುವಂತಿಲ್ಲ ಎನ್ನುವ ಧೈರ್ಯ. ಆ ಬುದ್ಧಿ ನನ್ನನ್ನು ಈಗ ಎಲ್ಲಿಗೆ ತಂದು ನಿಲ್ಲಿಸಿದೆ ಎಂದು ಯಾರಿಗಾದರೂ ಹೇಳಬೇಕು. ಮನೆಯಲ್ಲಿ ಹೇಳಲಾರೆ. ಅದಕ್ಕೆ ಡ್ರಾಯರಿನಿಂದ ನಿನ್ನ ವಿಳಾಸ ಕದ್ದೆ.

ಕ್ಲಿನಿಕ್ ಎಂದರೆ ಔಷಧಿ ಕೊಡುವ ಜಾಗ ಎಂದುಕೊಳ್ಳಬೇಡ. ಅಮ್ಮ ಹಾಗೇ ಎಂದುಕೊಂಡು ಅಕ್ಕಪಕ್ಕದವರಿಗೆಲ್ಲ "ನನ್ನ ಮಗ ಕ್ಲಿನಿಕ್ಕಲ್ಲಿದಾನೆ" ಎಂದು ಹೇಳಿದ್ದರಿಂದ, ಎದುರು ಮನೆಯ ಯಜಮಾನರು ಒಂದು ದಿನ ನನ್ನ ಮುಂದೆ ಅಂಗಿ ಎತ್ತಿ ಬೆನ್ನುನೋವು ತೋರಿಸಿದ್ದರು. ಇದು ಕಾಲೇಜಿನ ಕಾನೂನು ನೆರವಿನ ಕೋಣೆ. ಹಿಂದೆ ಸೈಕಲ್ ನಿಲ್ಲಿಸುವ ಜಾಗವಾಗಿತ್ತು, ನೆಲದಲ್ಲಿ ಎಣ್ಣೆಯ ಕಲೆ ಈಗಲೂ ಇದೆ. ಎರಡು ಮೇಜು, ಒಂದು ಕಬ್ಬಿಣದ ಬೀರು, ಕೂತರೆ ಒಂದು ಕಡೆಗೆ ವಾಲುವ ಬೆಂಚು. ವಕೀಲರಿಗೆ ದುಡ್ಡು ಕೊಡಲಾಗದವರು ಇಲ್ಲಿಗೆ ಬರುತ್ತಾರೆ: ಮತದಾರರ ಪಟ್ಟಿಯಿಂದ ಹೆಸರು ಹಾರಿಹೋದವರು, ಗಾಲಿಕುರ್ಚಿಯಲ್ಲಿದ್ದಾಳೆ ಎಂದು ಬಸ್ಸಿಗೆ ಹತ್ತಿಸಿಕೊಳ್ಳದ ಹುಡುಗಿ, ಕಿವಿ ಕೇಳದ ಬಸುರಿಗೆ ಆಸ್ಪತ್ರೆಯವರು ಏನು ಚುಚ್ಚುತ್ತಿದ್ದೇವೆ ಎಂದು ಸನ್ನೆಯಲ್ಲಿ ಕೂಡ ಹೇಳಲಿಲ್ಲ ಎಂದು ದೂರು ತಂದ ಗಂಡ. ನಾವು ವಿದ್ಯಾರ್ಥಿಗಳು ಮಾತಾಡಿಸುತ್ತೇವೆ, ಕಾಗದ ಬರೆಯುತ್ತೇವೆ. ಕ್ಲಿನಿಕ್ ನಡೆಸುವ ಮೇಡಂ ತಿದ್ದಿ ಸಹಿ ಹಾಕುತ್ತಾರೆ, ಏಕೆಂದರೆ ವಕೀಲಿ ಪರವಾನಗಿ ಇರುವುದು ಅವರಿಗೆ. ನನ್ನ ಜೊತೆಗಾತಿ ಒಬ್ಬಳಿದ್ದಾಳೆ, ಕನ್ನಡಕದವಳು. ಹತ್ತು ಸಲ ಕೇಳಿ ಒಂದು ಸಲ ಬರೆಯುವವಳು. ನಾನು ಒಂದು ಸಲ ಕೇಳಿ ಹತ್ತು ಪುಟ ಬರೆಯುವವನು. ಅದಕ್ಕೇ ನಮ್ಮಿಬ್ಬರನ್ನು ಜೋಡಿ ಮಾಡಿದ್ದಾರೆ.

ಇಲ್ಲಿ ಮೇಡಂ ಮಾಡಿದ ಎರಡು ಪದ್ಧತಿಗಳಿವೆ, ಅವನ್ನು ಹೇಳದೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ಮೊದಲನೆಯದು, ಒಬ್ಬರ ಬಗ್ಗೆ ನಾವು ಏನೇ ಬರೆದರೂ ಅದನ್ನು ಅವರ ಮುಂದೆ ಕೂತು ಸಾಲುಸಾಲಾಗಿ ಓದಿ ಹೇಳಬೇಕು. ಇದು ನನ್ನ ಮಾತಲ್ಲ ಎಂದು ಅವರು ಹೇಳಿದರೆ ಹೊಡೆದು ಹಾಕಬೇಕು. ಎರಡನೆಯದು, ಗೋಡೆಯ ಮೇಲಿನ ದೊಡ್ಡ ಕ್ಯಾಲೆಂಡರು. ಪ್ರತಿ ಕೇಸಿನ ಕೊನೆಯ ದಿನವನ್ನು ಅದರಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕುತ್ತೇವೆ. ಕೊನೆಯ ದಿನ ಕೋರ್ಟಿನ ರಜೆಯಲ್ಲಿ ಬಿದ್ದರೆ, ಅಲ್ಲಿಂದ ಮುಂದಿನ ಕೆಲಸದ ದಿನಕ್ಕೆ ಒಂದು ಬಾಣ ಎಳೆಯುತ್ತೇವೆ. ಕಾನೂನೇ ಹಾಗೆ ಹೇಳುತ್ತದೆ, ಬಾಗಿಲು ಹಾಕಿದ ಕೋರ್ಟಿಗೆ ಯಾರೂ ಅರ್ಜಿ ಕೊಡಲಾಗದು ಎಂದು. ದಿನ ಎಣಿಸುವ ಆ ಪಾಠದಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಿತ್ತು. ಕ್ಯಾಲೆಂಡರಿನ ಕೆಂಪು ಪೆನ್ಸಿಲು ನನ್ನ ಕಿವಿಯ ಮೇಲೇ ಇರುತ್ತಿತ್ತು.

ಎರಡು ತಿಂಗಳ ಹಿಂದೆ ಒಬ್ಬಳು ಬಂದಳು. ಹೆಸರು ಬರೆಯುವಂತಿಲ್ಲ, ಹೋಟೆಲುಗಳ ಹಾಸುಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಇಸ್ತ್ರಿಯವಳು ಎಂದೇ ಇಟ್ಟುಕೋ. ಇಪ್ಪತ್ತಮೂರು ವಯಸ್ಸು, ಎರಡೂ ಮುಂಗೈಗಳಲ್ಲಿ ಸುಟ್ಟ ಗೆರೆಗಳು, ಬಾಯಿ ಮಾತ್ರ ಮಹಾ ಜೋರು. ಬಂದ ದಿನವೇ ನಮ್ಮ ಮೇಜಿನ ಬಟ್ಟೆ ನೋಡಿ "ಇದನ್ನ ಇಸ್ತ್ರಿ ಮಾಡಿದೋರು ಯಾರು, ಎಮ್ಮೆನಾ?" ಎಂದಳು. ನನಗೆ ಲಾಯರ್ ಮರಿ ಎಂದು ಹೆಸರಿಟ್ಟಳು. ಅವಳು ಬಸುರಿ. ಗಂಡ ಇಲ್ಲ, ಆ ಗಂಡಸು ಎಲ್ಲಿದ್ದಾನೆ ಎಂದು ಕೇಳಿದರೆ "ಅವನ ವಿಳಾಸ ಬೇಕಾಗಿದ್ರೆ ನಾನು ಪೋಸ್ಟ್ ಆಫೀಸಿಗೆ ಹೋಗ್ತಿದ್ದೆ" ಎನ್ನುತ್ತಿದ್ದಳು. ಅವಳಿಗೆ ಮಗು ಬೇಡ. ದೊಡ್ಡಾಸ್ಪತ್ರೆಗೆ ಮೂರು ಸಲ ಹೋಗಿದ್ದಾಳೆ, ಮೂರು ಸಲವೂ ಚೀಟಿ ಬರೆಯುವ ಗುಮಾಸ್ತ ಗಂಡನದೋ ತಂದೆಯದೋ ಸಹಿ ತಾ ಎಂದು ವಾಪಸ್ಸು ಕಳಿಸಿದ್ದಾನೆ. ಕಾನೂನಿನಲ್ಲಿ ಹಾಗೆ ಎಲ್ಲಿಯೂ ಇಲ್ಲ. ಬೆಳೆದ ಹೆಂಗಸಿನ ಸಹಿ ಅವಳದೊಂದೇ ಸಾಕು. ಆದರೆ ಗುಮಾಸ್ತನ ಕಿಟಕಿಯ ಮುಂದೆ ಕಾನೂನು ಓದಿದವರು ಯಾರಿರುತ್ತಾರೆ? ಹಾಗೆ ಕಾಲು ಸವೆಸುತ್ತ ವಾರಗಳು ಹೋದವು. ಇಷ್ಟು ವಾರ ದಾಟಿದರೆ ವೈದ್ಯರೂ ಮಾಡುವಂತಿಲ್ಲ ಎಂದು ಕಾನೂನು ಒಂದು ಗೆರೆ ಹಾಕಿದೆ. ಅವಳು ನಮ್ಮ ವಾಲುವ ಬೆಂಚಿನ ಮೇಲೆ ಬಂದು ಕೂತಾಗ ಆ ಗೆರೆಗೆ ಇನ್ನೂ ನಾಲ್ಕು ವಾರ ಉಳಿದಿತ್ತು. ನಾಲ್ಕು ವಾರ ಎಂದರೆ ಧಾರಾಳ ಎಂದು ನಾನೇ ಅವಳಿಗೆ ಹೇಳಿದೆ.

ಕೋರ್ಟಿಗೆ ಹೋಗಬೇಕಾದರೆ ಇರಲಿ ಎಂದು ಅವಳ ಪ್ರಮಾಣಪತ್ರ ಬರೆದೆ. ಹನ್ನೊಂದು ಪ್ಯಾರಾ. ಕಡುಬಡತನ, ಸಾಮಾಜಿಕ ಕಳಂಕ, ತೀವ್ರ ಮಾನಸಿಕ ಯಾತನೆ, ನನಗೆ ಗೊತ್ತಿದ್ದ ಭಾರದ ಮಾತುಗಳನ್ನೆಲ್ಲ ತುಂಬಿದ್ದೆ. ಓದುತ್ತ ಹೋದೆ, ಅವಳು ಕಿಟಕಿ ನೋಡುತ್ತ ಕೇಳಿದಳು. ಆಮೇಲೆ "ಇದ್ಯಾವಳೋ ಬೇರೆಯವಳು. ನಾನು ದುಡೀತೀನಿ, ತಿಂತೀನಿ, ನಿದ್ದೆ ಚೆನ್ನಾಗಿ ಬರುತ್ತೆ. ನನಗೆ ಬೇಡ. ಹಾಗಂತ ಬರಿ" ಎಂದಳು. ಕೋರ್ಟಿಗೆ ಅಷ್ಟು ಸಾಲದು ಎಂದು ನಾನು ವಿವರಿಸಲು ಹೊರಟೆ. ಮೇಡಂ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಏಳನೇ ಪ್ಯಾರಾ ಪೂರ್ತಿ ಹೊಡೆದು ಹಾಕಿ, ಅಲ್ಲಿ ಎರಡೇ ಪದ ಬರೆದರು: ನನಗೆ ಬೇಡ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನಿನ್ನ ನೆನಪಾಯಿತು. ನಿನಗೆ ಬೇಕಿತ್ತು. ಊಟದ ಮೇಜಿನ ಮುಂದೆ ನಿಂತು ನೀನು ಒಂದೇ ಮಾತು ಹೇಳಿದ್ದೆ, "ನನಗೆ ಈ ಮಗು ಬೇಕು" ಎಂದು. ಅಪ್ಪನಿಗೆ ಬೇಡವಾಗಿತ್ತು, ದೊಡ್ಡಪ್ಪನಿಗೆ ಬೇಡವಾಗಿತ್ತು, ಅಮ್ಮನಿಗೆ ಏನು ಬೇಕಿತ್ತೋ ಅವಳನ್ನು ಯಾರೂ ಕೇಳಲಿಲ್ಲ. ಇವಳಿಗೆ ಬೇಡ, ಗುಮಾಸ್ತನಿಂದ ಹಿಡಿದು ಎಲ್ಲರಿಗೂ ಬೇಕು. ನಿಮ್ಮಿಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದರೆ ಮಾತು ಬೇರೆಬೇರೆಯಾದರೂ ಕೇಳುವುದು ಒಂದನ್ನೇ ಎಂದು ಅನ್ನಿಸಿತು. ನಿನ್ನನ್ನು ಬೈಂಡಿಂಗ್ ಅಂಗಡಿಯ ಆ ಮುದುಕಿ ಏನೂ ಕೇಳದೆ ಒಳಗೆ ಕರೆದುಕೊಂಡಳಂತೆ, ಕೆಲಸ ಕಲಿಸಿದಳಂತೆ. ಹೋದ ವರ್ಷ ಅವಳು ತೀರಿಕೊಂಡ ಮೇಲೆ ಅವಳ ಕೋಣೆಯನ್ನು ನೀನು ಹಾಗೇ ಬಿಟ್ಟಿದ್ದೀಯ ಎಂದು ಅಮ್ಮ ಹೇಳಿದಳು.

ಮೊದಲು ಆಸ್ಪತ್ರೆಗೆ ಕಾಗದ ಬರೆದೆವು, ಇವಳ ಸಹಿ ಒಂದೇ ಸಾಕು ಎಂದು. ಹತ್ತು ದಿನ ಕೂತು, ಕೋರ್ಟಿನ ಆದೇಶ ತನ್ನಿ ಎಂದು ಉತ್ತರ ಕೊಟ್ಟರು. ಅರ್ಜಿ ಹಾಕಿದೆವು. ಹೋದ ತಿಂಗಳು ಹದಿಮೂರನೇ ತಾರೀಖು, ಶುಕ್ರವಾರ, ಮಧ್ಯಾಹ್ನದ ಊಟದ ವಿರಾಮಕ್ಕೆ ಸ್ವಲ್ಪ ಮೊದಲು, ನಾವು ಗೆದ್ದೆವು ಅಕ್ಕಾ. ನ್ಯಾಯಾಧೀಶರು ಏಳನೇ ಪ್ಯಾರಾವನ್ನು ಗಟ್ಟಿಯಾಗಿ ಓದಿ, ಇವಳ ಸಹಿ ಒಂದೇ ಸಾಕು, ಕಾನೂನಿನ ಮಿತಿಯೊಳಗೆ ಆಸ್ಪತ್ರೆ ಮಾಡಿಕೊಡಬೇಕು ಎಂದು ಆದೇಶ ಹೇಳಿದರು. ಕಾರಿಡಾರಿನಲ್ಲಿ ಕನ್ನಡಕದವಳು ಅತ್ತಳು. ನಾನು ಅಳಲಿಲ್ಲ, ನನಗೆ ಎರಡು ಅಡಿ ಎತ್ತರ ಬಂದಂತಾಗಿತ್ತು. ಮೇಡಂ ಇನ್ನೊಂದು ಕೇಸಿಗೆ ಬೇರೆ ಊರಿಗೆ ಓಡಬೇಕಿತ್ತು, ಮುಂದಿನದನ್ನು ನೋಡಿಕೊಳ್ಳಿ ಎಂದು ಹೊರಟರು. ಸ್ಕ್ಯಾನಿಂಗಿನ ಪ್ರಕಾರ ಗೆರೆ ಬೀಳುವುದು ಹದಿನೈದನೇ ತಾರೀಖು, ಭಾನುವಾರ. ಶನಿವಾರ ರಜೆ, ಭಾನುವಾರ ರಜೆ, ಸೋಮವಾರ ಸರ್ಕಾರಿ ರಜೆ. ಆದೇಶದ ಸೀಲು ಬಿದ್ದ ಪ್ರತಿ ಸಿಗುವುದು ಮಂಗಳವಾರ. ನಾನು ಕೋಣೆಗೆ ಬಂದು ಭಾನುವಾರಕ್ಕೆ ಸುತ್ತು ಹಾಕಿ, ಅಲ್ಲಿಂದ ಮಂಗಳವಾರಕ್ಕೆ ಒಂದು ಬಾಣ ಎಳೆದೆ. ನೇರವಾಗಿ, ಸ್ಕೇಲು ಇಟ್ಟು.

ಕನ್ನಡಕದವಳು ಆ ಬಾಣ ನೋಡಿ "ಇದಕ್ಕೂ ಅದೇ ಲೆಕ್ಕಾನಾ?" ಎಂದು ಕೇಳಿದಳು. ನಾನು ಕಾನೂನಿನ ಕಲಮಿನ ಸಂಖ್ಯೆ ಹೇಳಿ ಅವಳ ಬಾಯಿ ಮುಚ್ಚಿಸಿದೆ. ಇಸ್ತ್ರಿಯವಳು ಬಾಗಿಲ ಹತ್ತಿರ ನಿಂತಿದ್ದಳು, ಕೈಯಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಒಂದು ಜೊತೆ ಬಟ್ಟೆ, ಟವೆಲು, ಹಲ್ಲುಜ್ಜುವ ಬ್ರಷ್ಷು. ಆಸ್ಪತ್ರೆಗೆ ಸೇರುವ ಸಿದ್ಧತೆಯಲ್ಲೇ ಬಂದಿದ್ದಳು. "ಇವತ್ತೇ ಹೋದ್ರೆ ಆಗಲ್ವಾ? ಆದೇಶ ಆಗಿದೆ ಅಂತ ಬಾಯಲ್ಲಿ ಹೇಳಿದ್ರೆ ಕೇಳಲ್ವಾ?" ಎಂದಳು. "ಆತುರ ಬೇಡ. ಸೀಲಿಲ್ಲದೆ ಆ ಗುಮಾಸ್ತ ಮತ್ತೆ ವಾಪಸ್ ಕಳಿಸ್ತಾನೆ. ಕೊನೇ ದಿನ ರಜೇಲಿ ಬಿದ್ರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತೆ, ಅದು ನಿಯಮ" ಎಂದೆ. ಅವಳು ಒಂದು ಕ್ಷಣ ಕ್ಯಾಲೆಂಡರ್ ನೋಡಿದಳು. "ನಿನ್ನ ಮಾತು ನಂಬ್ತೀನಿ ಲಾಯರ್ ಮರಿ" ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಶನಿವಾರಕ್ಕೆ ಲಾಂಡ್ರಿಯಲ್ಲಿ ರಜೆ ಕೇಳಿದ್ದವಳು ಆ ರಜೆಯನ್ನು ಮಂಗಳವಾರಕ್ಕೆ ಬದಲಾಯಿಸಿಕೊಂಡಳು. ಆ ಮೂರು ದಿನ ನಾನು ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಂಗಳವಾರ ಬೆಳಿಗ್ಗೆ ಸೀಲು ಬಿದ್ದ ಪ್ರತಿ ಹಿಡಿದು ಆಸ್ಪತ್ರೆಗೆ ಹೋದೆವು. ಗುಮಾಸ್ತ ಎದ್ದು ನಿಂತು ಕಾಗದ ತೆಗೆದುಕೊಂಡ, ಅದನ್ನು ನೋಡಿ ನನಗೆ ಸಂತೋಷವಾಯಿತು. ವಾರ್ಡಿನ ಡಾಕ್ಟರು ನಡುವಯಸ್ಸಿನ ಹೆಂಗಸು, ಒಳ್ಳೆಯವರು. ಆದೇಶವನ್ನು ಎರಡು ಸಲ ಓದಿದರು, ಸ್ಕ್ಯಾನಿಂಗ್ ಚೀಟಿ ನೋಡಿದರು, ಬೆರಳು ಮಡಿಚಿ ಎಣಿಸಿದರು. "ಭಾನುವಾರಕ್ಕೆ ಮುಗೀತಲ್ಲಪ್ಪ" ಎಂದರು. ನಾನು ನಿಯಮ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಅದು ನಿಮ್ಮ ಕೋರ್ಟಿಗೆ. ಹೊಟ್ಟೆಗೆ ಸರ್ಕಾರಿ ರಜೆ ಇದೆಯಾ? ಈ ವಾರ್ಡು ಯಾವತ್ತು ಬಾಗಿಲು ಹಾಕಿದೆ? ಶುಕ್ರವಾರ ಸಂಜೆ ನಾನೇ ಡ್ಯೂಟೀಲಿದ್ದೆ, ಶನಿವಾರಾನೂ ಇದ್ದೆ. ಆದೇಶ ಆಗಿದೆ ಅಂತ ನಿಮ್ಮ ಮೇಡಂ ಒಂದು ಚೀಟಿ ಬರ್ದಿದ್ರೂ ಸೇರಿಸ್ಕೋತಿದ್ದೆ" ಎಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಈಗ ಕೈ ಹಾಕಿದರೆ ಅವರಿಗೆ ಜೈಲು. ಕಾನೂನಿನ ಮಿತಿಯೊಳಗೆ ಎಂದು ನಮ್ಮ ಆದೇಶದಲ್ಲೇ ಇತ್ತಲ್ಲ. ಆ ಸಾಲನ್ನು ಅರ್ಜಿಯಲ್ಲಿ ಬರೆದುಕೊಟ್ಟವನೂ ನಾನೇ. ಇಸ್ತ್ರಿಯವಳು ಮಂಚದ ಮೇಲೆ ಕೂತಿದ್ದಳು, ಆಗಲೇ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡಿದ್ದಳು. ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದಳು. ಒಂದು ಚಪ್ಪಲಿ ಮಂಚದ ಕೆಳಗೆ ಹೋಗಿತ್ತು, ನಾನು ಬಗ್ಗಿ ತೆಗೆದುಕೊಟ್ಟೆ. ಅವತ್ತು ಅವಳಿಗೆ ನನ್ನಿಂದ ಆದ ಉಪಕಾರ ಅಷ್ಟೇ.

ಮೇಡಂ ಅಂದು ಸಂಜೆಯೇ ಓಡಿಬಂದರು. ಕ್ಯಾಲೆಂಡರಿನ ಮುಂದೆ ನಿಂತು "ಸಹಿ ನನ್ನದು, ತಪ್ಪೂ ನನ್ನದೇ" ಎಂದರು. ಗುರುವಾರವೇ ಮಿತಿ ದಾಟಿದ್ದಕ್ಕೆ ಅನುಮತಿ ಕೇಳಿ ಇನ್ನೊಂದು ಅರ್ಜಿ ಹಾಕಿದರು. ಆದರೆ ಕ್ಲಿನಿಕ್ಕಿನಲ್ಲಿ ತಪ್ಪಾದರೆ ಅದನ್ನು ಮಾಡಿದವರೇ ಬರೆದು, ಯಾರಿಗೆ ಅನ್ಯಾಯವಾಯಿತೋ ಅವರಿಗೆ ಓದಿ ಹೇಳಬೇಕು. ಅದಕ್ಕೆ ವಿನಾಯಿತಿ ಇಲ್ಲ. ಬರೆದೆ. ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ, ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿರುವಾಗ, ಅವಳ ಊಟದ ಬಿಡುವಿನಲ್ಲಿ ಓದಿದೆ: "ಅವಧಿಯ ಎಣಿಕೆಯಲ್ಲಿ ಲೋಪ ಉಂಟಾದ ಕಾರಣ ಆಸ್ಪತ್ರೆಗೆ ದಾಖಲಾಗುವುದು ವಿಳಂಬವಾಗಿದೆ." ಅವಳು ಕೈ ಎತ್ತಿ ನಿಲ್ಲಿಸಿದಳು. "ಎಣಿಸಿದ್ದು ಯಾರು?" ಎಂದು ಕೇಳಿದಳು. "ನಾನು" ಎಂದೆ. "ಮನೆಗೆ ಕಳಿಸಿದ್ದು ಯಾರು?" "ನಾನು." "ಹಾಗಂತ ಬರಿ ಮತ್ತೆ" ಎಂದಳು. ಮೆಟ್ಟಿಲ ಮೇಲೇ ಕಾಗದ ಇಟ್ಟುಕೊಂಡು ತಿದ್ದಿದೆ. ನಾನು ತಪ್ಪಾಗಿ ಎಣಿಸಿದೆ, ಇವರು ಶುಕ್ರವಾರ ಹೋಗೋಣ ಎಂದಾಗ ನಾನು ಬೇಡ ಎಂದೆ. ಅವಳು ಓದಿಸಿ ಕೇಳಿದಳು, ತಲೆಯಾಡಿಸಿದಳು, ಬುತ್ತಿಯಲ್ಲಿ ಉಳಿದಿದ್ದ ತುತ್ತನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನು ಕೇಳುವ ಧೈರ್ಯವನ್ನೂ ಮಾಡಲಿಲ್ಲ.

ಎರಡನೇ ಅರ್ಜಿಗೆ ಕೋರ್ಟು ವೈದ್ಯರ ಸಮಿತಿ ಮಾಡಿತು. ಐದು ಜನ ಸೇರಿ ಅವಳ ಹೊಟ್ಟೆ ಮುಟ್ಟಿ ನೋಡಿ, ತಾಯಿಯೂ ಆರೋಗ್ಯ, ಶಿಶುವೂ ಆರೋಗ್ಯ, ಅನುಮತಿಗೆ ಕಾರಣ ಕಾಣುವುದಿಲ್ಲ ಎಂದು ಬರೆದರು. ಮೊನ್ನೆ ಸೋಮವಾರ ಅದೇ ನ್ಯಾಯಾಧೀಶರು, ಅದೇ ಕೋಣೆ. ನಾಲ್ಕು ನಿಮಿಷ. ನಮ್ಮ ಕೈ ಕಟ್ಟಿದೆ ಎಂದರು, ದನಿಯಲ್ಲಿ ನಿಜವಾದ ಬೇಸರವಿತ್ತು. ಡಾಕ್ಟರ ಕೈ ಕಟ್ಟಿದೆ, ನ್ಯಾಯಾಧೀಶರ ಕೈ ಕಟ್ಟಿದೆ, ಮೇಡಂ ಕೈಚೆಲ್ಲಿ ಕೂತಿದ್ದಾರೆ. ಇಷ್ಟೊಂದು ಒಳ್ಳೆಯವರು ಸೇರಿ ಒಬ್ಬಳಿಗೆ ಏನೂ ಮಾಡಲಾಗದೆ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೆಟ್ಟವರು ಇದ್ದಿದ್ದರೆ ಅವರ ಮೇಲೆ ಕೂಗಾಡಬಹುದಿತ್ತು. ಆ ಗುಮಾಸ್ತನ ಮೇಲೆ ಸಿಟ್ಟು ಬರಿಸಿಕೊಳ್ಳಲು ಪ್ರಯತ್ನಪಟ್ಟೆ, ಆಗಲಿಲ್ಲ. ಅವನೂ ಯಾವುದೋ ಹಳೆಯ ಫಾರಮಿನಲ್ಲಿ ಅಚ್ಚಾಗಿದ್ದ ಖಾಲಿ ಗೆರೆಯನ್ನು ತುಂಬಿಸಲು ಹೊರಟವನು. ನನ್ನ ಜಾತಿಯವನೇ, ಬರೆದಿಟ್ಟದ್ದನ್ನು ಬರೆದ ಹಾಗೆ ಮಾಡುವವನು.

ಈಗ ಅವಳ ಹೊಟ್ಟೆ ಕಾಣುತ್ತದೆ. ಹೆರಿಗೆಗೆ ಇನ್ನು ಮೂರು ತಿಂಗಳು. ಲಾಂಡ್ರಿಯಲ್ಲಿ ಬಿಸಿ ಇಸ್ತ್ರಿಯ ಮುಂದೆ ನಿಲ್ಲುವುದು ಬೇಡ ಎಂದು ಕೆಲಸದಿಂದ ತೆಗೆದಿದ್ದಾರೆ, ಅವಳ ಒಳ್ಳೆಯದಕ್ಕೇ ಅಂತೆ. ಅವಳು ಇರುವ ಹೆಂಗಸರ ವಸತಿಗೃಹದ ಮೇಲ್ವಿಚಾರಕಿ ಹತ್ತೊಂಬತ್ತನೇ ತಾರೀಖು ಶನಿವಾರದೊಳಗೆ ಹಾಸಿಗೆ ಖಾಲಿ ಮಾಡು ಎಂದಿದ್ದಾಳೆ. ಇದರ ಮೇಲೂ ಕಾಗದ ಬರೆಯಬಹುದು, ಬರೆಯುತ್ತಿದ್ದೇವೆ, ಅದರ ಉತ್ತರ ಬರುವಷ್ಟರಲ್ಲಿ ಮಗು ನಡೆಯಲು ಕಲಿತಿರುತ್ತದೆ. ನಿನ್ನೆ ನಾನು ಮತ್ತು ಕನ್ನಡಕದವಳು ಆಶ್ರಯ ಕೊಡುವ ಐದು ಕಡೆಗೆ ಫೋನು ಮಾಡಿದೆವು. ಒಂದು ಕಡೆ ಮದುವೆಯಾದವರಿಗೆ ಮಾತ್ರ, ಒಂದು ಕಡೆ ಹದಿನೆಂಟು ತುಂಬದವರಿಗೆ ಮಾತ್ರ. ಒಂದು ಕಡೆ ಹುಟ್ಟುವ ಮಗುವನ್ನು ತಮಗೆ ಕೊಡುವುದಾಗಿ ಈಗಲೇ ಸಹಿ ಹಾಕಬೇಕಂತೆ. ಇಸ್ತ್ರಿಯವಳು ಅದಕ್ಕೆ "ಆಮೇಲೆ ಏನು ಮಾಡ್ತೀನಿ ಅಂತ ಆಮೇಲೆ ಹೇಳ್ತೀನಿ. ಅದಾದ್ರೂ ನನ್ನ ಕೈಲಿರ್ಲಿ" ಎಂದಳು. ಉಳಿದ ಎರಡು ಕಡೆ ಫೋನು ಎತ್ತಲಿಲ್ಲ. ಕ್ಲಿನಿಕ್ಕಿನ ಕೋಣೆಯಲ್ಲಿ ಯಾರನ್ನೂ ಇಟ್ಟುಕೊಳ್ಳುವಂತಿಲ್ಲ. ನಮ್ಮ ಮನೆಯ ಮಾತು ನಿನಗೆ ನಾನು ಹೇಳಬೇಕಾಗಿಲ್ಲ.

ಈಗ ಅವಳು ಆ ವಾಲುವ ಬೆಂಚಿನ ಮೇಲೆ ಕೂತಿದ್ದಾಳೆ. ಮಾಡಲು ಕೆಲಸವಿಲ್ಲದೆ ಬೇಸರವಾಗಿ ನಮ್ಮ ಮೇಜಿನ ಬಟ್ಟೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ ಸುಕ್ಕು ತೆಗೆಯುತ್ತಿದ್ದಾಳೆ. ಗೋಡೆಯ ಮೇಲೆ ಹೋದ ತಿಂಗಳ ಹಾಳೆ ಇನ್ನೂ ಇದೆ. ಮೇಡಂ ಅದನ್ನು ತಿರುವಲು ಬಿಟ್ಟಿಲ್ಲ, ಈ ತಿಂಗಳನ್ನು ಅದರ ಪಕ್ಕದಲ್ಲಿ ಬೇರೆ ಮೊಳೆ ಹೊಡೆದು ತೂಗುಹಾಕಿದ್ದೇವೆ. ನಾನು ತಲೆ ಎತ್ತಿದಾಗಲೆಲ್ಲ ಆ ಬಾಣ ಕಣ್ಣಿಗೆ ಬೀಳುತ್ತದೆ. ಪೆನ್ಸಿಲನ್ನು ಕನ್ನಡಕದವಳಿಗೆ ಕೊಟ್ಟಿದ್ದೇನೆ. ಪರೀಕ್ಷೆ ಹತ್ತಿರ ಬಂತು, ಪುಸ್ತಕ ತೆಗೆದರೆ ಸಾಲುಗಳು ಓಡುತ್ತವೆ, ಏನೂ ತಲೆಗೆ ಹೋಗುವುದಿಲ್ಲ. ಇಷ್ಟು ವರ್ಷ ನಿಯಮದ ಬೆನ್ನ ಹಿಂದೆ ಬಚ್ಚಿಟ್ಟುಕೊಂಡವನಿಗೆ ಈಗ ಹಿಂದೆ ನಿಲ್ಲಲು ಏನೂ ಇಲ್ಲ. ತುಂಬ ಅಸಹಾಯಕನಾಗಿದ್ದೇನೆ ಅಕ್ಕಾ, ಇದನ್ನು ಇನ್ನೊಂದು ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ನಿನ್ನ ತಲೆನೋವಿಗೆ ಕಿಟಕಿ ತೆಗೆದಿಟ್ಟು ಕೆಲಸ ಮಾಡು. ಪುಟ್ಟಿಗೆ ಮಾವ ಎಂದು ಒಬ್ಬ ಇದ್ದಾನೆ ಎಂದು ಹೇಳಿದ್ದೀಯೋ ಇಲ್ಲವೋ ತಿಳಿಯದು. ಹೇಳಿದ್ದರೆ ಅವಳ ಬಿದ್ದ ಎರಡು ಹಲ್ಲಿಗೆ ಬದಲಾಗಿ ಎರಡು ಮುತ್ತು ಕೊಡು. ಹೇಳಿಲ್ಲದಿದ್ದರೆ ಅವು ನಿನ್ನ ಹತ್ತಿರವೇ ಇರಲಿ. ಅಮ್ಮನಿಗೆ ಈ ಪತ್ರದ ಸುದ್ದಿ ತಿಳಿದಿದ್ದರೆ ಎಷ್ಟೋ ಹೇಳಿ ಕಳಿಸುತ್ತಿದ್ದಳು, ಅದನ್ನೆಲ್ಲ ನೀನೇ ಊಹಿಸಿಕೋ.

ನಮಸ್ಕಾರಗಳೊಂದಿಗೆ,
ಪದವಿಯಿಂದ ಇಳಿದ ಜಡ್ಜ್ ಸಾಹೇಬ,
ನಿನ್ನ ತಮ್ಮ

ತಾ. ಕ.: ಅಂಚೆಯವನು ನಾಲ್ಕಕ್ಕೆ ಬರುತ್ತಾನೆ, ಬೇಗ ಬರೆಯುತ್ತೇನೆ. ಅವಳ ಬಗ್ಗೆ ಬರೆದದ್ದನ್ನು ಅವಳಿಗೆ ಓದದೆ ಕಳಿಸುವಂತಿಲ್ಲ, ಹಾಗಾಗಿ ಇದಿಷ್ಟನ್ನೂ ಈಗ ಓದಿ ಹೇಳಿದೆ. ಇಷ್ಟುದ್ದ ಬರೆದು ಕೇಳಬೇಕಾದದ್ದನ್ನೇ ಕೇಳಿಲ್ಲ ಎಂದು ಬೈದಳು. ಕೇಳುತ್ತೇನೆ. ಹತ್ತೊಂಬತ್ತರಿಂದ, ಹೆರಿಗೆಯಾಗಿ ಅವಳು ಚೇತರಿಸಿಕೊಳ್ಳುವ ತನಕ, ಆ ಮುದುಕಿಯ ಕೋಣೆಯಲ್ಲಿ ಅವಳು ಇರಬಹುದೇ? ಕ್ಲಿನಿಕ್ಕಿನ ಫೋನ್ ನಂಬರು ಲಕೋಟೆಯ ಹಿಂದೆ ಇದೆ. "ಬೇಡ ಅನ್ನೋ ಹಕ್ಕು ನಿಮ್ಮಕ್ಕನಿಗೂ ಇದೆ, ಅದನ್ನೂ ಬರಿ" ಎಂದಳು, ಬರೆದಿದ್ದೇನೆ. ಇನ್ನೊಂದು. ಮೇಲೆ, ಮನೆಯ ಬಾಗಿಲು ಮುಚ್ಚಿಕೊಂಡಾಗ ಎಂದು ಬರೆದಿದ್ದೇನಲ್ಲ, ಅಲ್ಲಿ ನನ್ನನ್ನು ನಿಲ್ಲಿಸಿ "ಬಾಗಿಲು ತಾನಾಗೇ ಮುಚ್ಕೊಳ್ತಾ?" ಎಂದು ಕೇಳಿದಳು. ಅಕ್ಕಾ, ಅಪ್ಪ ಒಳಗಿನ ಕೋಣೆಯಿಂದ ಚಿಲಕ ಹಾಕು ಎಂದು ಕೂಗಿದರು, ಅಷ್ಟೆ. ಎದ್ದು ಹೋಗಿ ಹಾಕಿದವನು ನಾನು. ನೀನು ಮೆಟ್ಟಿಲು ಇಳಿದವಳು ವಾಪಸ್ಸು ಬಂದು ಬಡಿದಾಗ ಚಿಲಕದ ಮೇಲೆ ಕೈ ಇಟ್ಟುಕೊಂಡು ಬಾಗಿಲ ಈಚೆ ನಿಂತಿದ್ದೆ. ನೀನು ಅಪ್ಪನನ್ನು ಕರೆಯಲಿಲ್ಲ, ಅಮ್ಮನನ್ನು ಕರೆಯಲಿಲ್ಲ, ನನ್ನನ್ನು ಕರೆದೆ. ಮೂರು ಸಲ ಬಡಿದೆ. ಆ ಎಣಿಕೆ ಮಾತ್ರ ನನಗೆ ತಪ್ಪಿಲ್ಲ.